ದಡಾರ, ಪಿಪಿಆರ್ ಮತ್ತು ಜೀವಕೋಶದ ಹೊರಪೊರೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆಗೆ ಸೇರಿದ್ದು, ಬೆಳೆ ಕೈಕೊಟ್ಟ ವರ್ಷಗಳಲ್ಲಿ ಇಲ್ಲಿನ ಅನೇಕ ಕುಟುಂಬಗಳಿಗೆ ಕುರಿ-ಮೇಕೆಗಳ ಮಂದೆಯೇ ಆಸರೆಯಾಗುತ್ತದೆ. ಮಂದೆಗಳನ್ನು ಬಾಧಿಸುವ ಪಿಪಿಆರ್ ಎಂಬ ರೋಗವೂ ಮಕ್ಕಳನ್ನು ಬಾಧಿಸುವ ದಡಾರವೂ ಒಂದೇ ಕುಲದ ವೈರಾಣುಗಳಿಂದ ಬರುತ್ತವೆ. ಪಿಪಿಆರ್ ಮನುಷ್ಯರಿಗೆ ರೋಗ ತರುವುದಿಲ್ಲವಾದರೂ, ಈ ಎರಡು ವೈರಾಣುಗಳು ಜೀವಕೋಶದೊಳಗೆ ನುಗ್ಗುವ ರೀತಿ ಬಹುಮಟ್ಟಿಗೆ ಒಂದೇ ಆಗಿದೆ.

ಸ್ವಂತ ಬಲದಿಂದ ವೃದ್ಧಿಯಾಗಲಾರದ ವೈರಾಣು ಜೀವಕೋಶದ ಒಳಗನ್ನು ಸೇರಲೇಬೇಕು. ಅದಕ್ಕಾಗಿ ಅದು ಕೋಶದ ಹೊರಪೊರೆಯಲ್ಲಿರುವ ಯಾವುದಾದರೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹೀಗೆ ಬಳಕೆಯಾಗುವ ಪ್ರೋಟೀನಿಗೆ ಗ್ರಾಹಕವೆಂದು ಹೆಸರು. ಗ್ರಾಹಕಗಳು ದೇಹದ ನಿತ್ಯದ ಕೆಲಸಕ್ಕೆ ಬೇಕಾದವುಗಳೇ ಹೊರತು ವೈರಾಣುವಿಗಾಗಿ ಇರುವವಲ್ಲ. ದಡಾರದ ವೈರಾಣು ಬಳಸುವ ಗ್ರಾಹಕಗಳ ಪೈಕಿ, 2000ದಲ್ಲಿ ಗುರುತಿಸಲಾದ 'ಸ್ಲ್ಯಾಮ್' ರೋಗನಿರೋಧಕ ಕೋಶಗಳ ನಡುವೆ ಸಂಕೇತ ಸಾಗಿಸಿದರೆ, 2011ರಲ್ಲಿ ಗುರುತಿಸಲಾದ 'ನೆಕ್ಟಿನ್-4' ಶ್ವಾಸನಾಳದ ಒಳಪದರದ ಕೋಶಗಳನ್ನು ಪರಸ್ಪರ ಹಿಡಿದಿಡಲು ನೆರವಾಗುತ್ತದೆ. ಕುರಿ-ಮೇಕೆಗಳಲ್ಲಿ ಪಿಪಿಆರ್ ವೈರಾಣು ಬಳಸುವುದೂ ಇವೇ ಎರಡು ಪ್ರೋಟೀನುಗಳನ್ನು.

ವೈರಾಣುವಿನ ಮೈಮೇಲೆ 'ಎಚ್' ಮತ್ತು 'ಎಫ್' ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ಎಚ್ ಪ್ರೋಟೀನು ಗ್ರಾಹಕವನ್ನು ಹಿಡಿದ ಕೂಡಲೇ ಎಫ್ ಪ್ರೋಟೀನು ತನ್ನ ಆಕಾರ ಬದಲಿಸಿ, ವೈರಾಣುವಿನ ಪೊರೆ ಮತ್ತು ಕೋಶದ ಪೊರೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಆ ಬೆಸುಗೆಯ ಮೂಲಕ ವೈರಾಣುವಿನ ಆರ್‌ಎನ್‌ಎ ಒಳಗೆ ಇಳಿದು, ಕೋಶವು ಹೊಸ ವೈರಾಣುಗಳನ್ನು ತಯಾರಿಸುವಂತೆ ಮಾಡುತ್ತದೆ.

ರೋಗದ ಲಕ್ಷಣಗಳಿಗೂ ಗ್ರಾಹಕಗಳಿರುವ ಜಾಗಕ್ಕೂ ನೇರ ಸಂಬಂಧವಿದೆ. ಉಸಿರಿನೊಂದಿಗೆ ಒಳಬಂದ ದಡಾರದ ವೈರಾಣು ಮೊದಲು ಸ್ಲ್ಯಾಮ್ ಹೊತ್ತ ರೋಗನಿರೋಧಕ ಕೋಶಗಳನ್ನು ಸೇರಿ, ರಕ್ಷಣಾ ವ್ಯವಸ್ಥೆಯನ್ನೇ ದುರ್ಬಲಗೊಳಿಸುವುದರಿಂದ, ದಡಾರ ವಾಸಿಯಾದ ಮೇಲೂ ಮಗುವಿಗೆ ನ್ಯುಮೋನಿಯಾ, ಭೇದಿಯಂಥ ಬೇರೆ ಸೋಂಕುಗಳು ಸುಲಭವಾಗಿ ತಗಲುತ್ತವೆ. ಅನಂತರ ಅದು ನೆಕ್ಟಿನ್-4ರ ಮೂಲಕ ಶ್ವಾಸನಾಳದ ಕೋಶಗಳನ್ನು ಒಳಭಾಗದಿಂದಲೇ ಹೊಕ್ಕು, ಕೆಮ್ಮಿನೊಂದಿಗೆ ಹೊರಬಂದು ಇನ್ನೊಬ್ಬರನ್ನು ತಲುಪುತ್ತದೆ. ಪಿಪಿಆರ್ ತಗಲಿದ ಕುರಿಗಳಲ್ಲಿ ಜ್ವರ, ಕಣ್ಣು-ಮೂಗು ಸೋರುವಿಕೆ, ಬಾಯಿಹುಣ್ಣು, ಭೇದಿ ಕಾಣಿಸಿಕೊಳ್ಳುವುದಕ್ಕೂ ವೈರಾಣು ಇದೇ ಬಗೆಯ ಕೋಶಗಳಲ್ಲಿ ಬೆಳೆಯುವುದೇ ಕಾರಣ.

ಗ್ರಾಹಕಗಳು ದೇಹಕ್ಕೆ ಅಗತ್ಯವಾದುದರಿಂದ ಅವುಗಳನ್ನು ತೆಗೆದುಹಾಕಿ ರೋಗ ತಡೆಯುವಂತಿಲ್ಲ. ವೈರಾಣು ಅವುಗಳನ್ನು ಮುಟ್ಟದಂತೆ ತಡೆಯುವುದೇ ಸರಿಯಾದ ಮಾರ್ಗ. ಲಸಿಕೆಯಿಂದ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳು ಎಚ್ ಪ್ರೋಟೀನಿಗೆ ಅಂಟಿಕೊಂಡು ಅದು ಗ್ರಾಹಕವನ್ನು ಹಿಡಿಯದಂತೆ ಮಾಡುತ್ತವೆ. ಇದೇ ಕುಲದ ವೈರಾಣುವಿನಿಂದ ದನಗಳಿಗೆ ಬರುತ್ತಿದ್ದ ದೊಡ್ಡರೋಗವು ಲಸಿಕೆಯ ಬಲದಿಂದ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಗಿದೆ. 2030ರ ವೇಳೆಗೆ ಪಿಪಿಆರ್ ಕೂಡ ಇಲ್ಲವಾಗಬೇಕೆಂಬುದು ಅಂತರರಾಷ್ಟ್ರೀಯ ಗುರಿ. ಆದ್ದರಿಂದ ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಮತ್ತೊಮ್ಮೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸುವುದನ್ನೂ, ಪಶುವೈದ್ಯರ ಸಲಹೆಯಂತೆ ಮಂದೆಗೆ ಪಿಪಿಆರ್ ಲಸಿಕೆ ಹಾಕಿಸುವುದನ್ನೂ ಯಾವ ಮನೆಯವರೂ ತಪ್ಪಿಸಬಾರದು.