ಕೊಯಮತ್ತೂರಿನ ಊಟ: ಕೇಳಿದ ಮಾತು, ಇರುವ ಸಂಗತಿ

ಮಗನಿಗೆ ಕೊಯಮತ್ತೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಮಗಳಿಗೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸವಾಯಿತು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ‘ಊಟಕ್ಕೇನು ಮಾಡ್ತೀಯ?’ ಅದರ ಬೆನ್ನಿಗೇ ನೆಂಟರಿಷ್ಟರ ಎಚ್ಚರಿಕೆಗಳು ಶುರುವಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಯಾರೋ ಯಾರಿಗೋ ಹೇಳಿದ ಮಾತುಗಳು.

ಮೊದಲನೆಯದು, ತಮಿಳು ಬಾರದಿದ್ದರೆ ಅಲ್ಲಿ ಉಪವಾಸವೇ ಗತಿ ಎಂಬುದು. ಕನ್ನಡ ಬಲ್ಲವರಿಗೆ ಈ ಭಯ ಬೇಕಿಲ್ಲ. ನಮ್ಮ ‘ಹ’ಕಾರ ಅಲ್ಲಿ ‘ಪ’ಕಾರವಾಗಿಯೇ ಉಳಿದಿದೆ: ಹಾಲು ಪಾಲ್, ಹುಳಿ ಪುಳಿ, ಹಣ್ಣು ಪಳಂ. ನಮ್ಮ ‘ಬ’ಕಾರದ ಜಾಗದಲ್ಲಿ ಅವರದು ‘ವ’ಕಾರ: ಬೆಲ್ಲ ವೆಲ್ಲಂ, ಬಾಳೆ ವಾಳೈ, ಬೇಡ ವೇಂಡಾಂ. ಇಷ್ಟು ಹಿಡಿತಕ್ಕೆ ಬಂದರೆ ಅರ್ಧ ಮೆನು ತಾನಾಗಿ ತಿಳಿಯುತ್ತದೆ. ಎಡವುವುದು ಪೂರ್ತಿ ಗೊತ್ತಿಲ್ಲದ ಪದಗಳಲ್ಲಿ ಅಲ್ಲ, ಗೊತ್ತಿದೆ ಎನಿಸುವ ಪದಗಳಲ್ಲಿ. ‘ಮೋರ್’ ಎಂದರೆ ಮೊಸರು ಇರಬೇಕು ಎಂದುಕೊಂಡು ಕೇಳಿದರೆ ಮಜ್ಜಿಗೆ ಬರುತ್ತದೆ. ಮೊಸರಿಗೆ ‘ತಯಿರ್’ ಎನ್ನಬೇಕು. ‘ಸಾರು’ ಎಂದರೆ ಅವರಿಗೆ ಹಿಂಡಿದ ರಸ. ನಮ್ಮ ತಿಳಿಸಾರಿಗೆ ‘ರಸಂ’, ಪಲ್ಯಕ್ಕೆ ‘ಪೊರಿಯಲ್’. ಬಿಸಿನೀರಿಗೆ ‘ಸುಡುತಣ್ಣಿ’! ತಣ್ಣಗಿರುವುದು ಸುಡುವುದು ಹೇಗೆಂದು ನಾವು ಬೆರಗಾಗುತ್ತೇವೆ, ಆದರೆ ಅಲ್ಲಿ ‘ತಣ್ಣಿ’ ಎಂದರೆ ಬರಿಯ ನೀರು. ನಾವು ಸಿಟ್ಟಿನಲ್ಲಿ ಆಡುವ ‘ಕೂಳು’ ಎಂಬ ಪದ ಅಲ್ಲಿ ಮರ್ಯಾದೆಯ ಪದ: ಬೇಸಿಗೆಯಲ್ಲಿ ಗಡಿಗೆಯಿಂದ ಮೊಗೆದು ಕೊಡುವ ಸಜ್ಜೆಯ ಅಂಬಲಿ ‘ಕಂಬಂಕೂಳ್’. ರಾಗಿಮುದ್ದೆಯ ಹೆಸರು ‘ಕಳಿ’. ‘ಕಳಿ ತಿನ್ನುವುದು’ ಎಂದರೆ ಜೈಲಿಗೆ ಹೋಗುವುದು ಎಂಬ ನುಡಿಗಟ್ಟೂ ತಮಿಳಿನಲ್ಲಿದೆ, ಆದ್ದರಿಂದ ‘ರಾಗಿ ಕಳಿ’ ಎಂದೇ ಕೇಳಿ.

ಮಾತಿನ ಧಾಟಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ, ತಮಿಳರು ಒರಟು ಎಂದು. ಕೊಯಮತ್ತೂರು, ತಿರುಪ್ಪೂರು ಇರುವ ಕೊಂಗು ಸೀಮೆಯ ತಮಿಳು ಕೇಳಿದವರು ಹಾಗೆನ್ನಲಾರರು. ಧಾರವಾಡದವರು ಮಾತಿಗೊಮ್ಮೆ ‘ರೀ’ ಸೇರಿಸುವಂತೆ ಇವರು ‘ಂಗ’ ಸೇರಿಸುತ್ತಾರೆ: ವಾಂಗ, ಸೊಲ್ಲುಂಗ, ಸರಿಂಗ. ಬಡಿಸುವವರನ್ನು ‘ಅಣ್ಣಾ’ ಎಂದು ಕರೆದರೆ ಎರಡು ಭಾಷೆಗೂ ಒಪ್ಪುತ್ತದೆ.

ಅಲ್ಲಿ ನಮ್ಮವರು ಯಾರೂ ಇಲ್ಲ ಎಂಬುದು ಇನ್ನೊಂದು ಮಾತು. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. 1799ರವರೆಗೆ ಕೊಯಮತ್ತೂರು ಮೈಸೂರಿನ ಆಡಳಿತದಲ್ಲಿತ್ತು. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕು. ಕೊಯಮತ್ತೂರಿನಲ್ಲೂ 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರಿನಲ್ಲೂ ಮಗ್ಗದ ಕಸುಬಿನ ದೇವಾಂಗರು, ಬೇಸಾಯದ ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದಿದ್ದಾರೆ. ಓದು ಬರಹವೆಲ್ಲ ತಮಿಳಿನಲ್ಲಿ, ಅಮ್ಮನೊಂದಿಗಿನ ಮಾತು ಕನ್ನಡದಲ್ಲಿ. ಅವರ ಕನ್ನಡ ನಮ್ಮದರಂತಿಲ್ಲ ಎಂದು ನಗಬೇಡಿ. ಶಾಲೆಯ ಆಸರೆಯಿಲ್ಲದೆ ಉಳಿದ ಕನ್ನಡ ಅದು. ಊಟದಲ್ಲೂ ಈ ನಂಟು ಕಾಣುತ್ತದೆ. ತಮಿಳುನಾಡಿನ ಬೇರೆ ಕಡೆ ‘ಪೋಳಿ’ ಎನಿಸಿಕೊಳ್ಳುವ ಸಿಹಿ ಕೊಂಗು ಸೀಮೆಯಲ್ಲಿ ‘ಒಪ್ಪುಟ್ಟು’, ಅಂದರೆ ನಮ್ಮ ಒಬ್ಬಟ್ಟು. ಅವರ ‘ಸಂದವೈ’ ನಮ್ಮ ಒತ್ತುಶಾವಿಗೆಯೇ. ಹುರುಳಿ ಅವರಿಗೂ ಪ್ರಿಯ, ಹೆಸರು ಮಾತ್ರ ‘ಕೊಳ್ಳು’. ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿದ ‘ಅರಿಸಿ ಪರುಪ್ಪು ಸಾದಂ’ ಸಿಕ್ಕರೆ ಬಿಡಬೇಡಿ. ಮನೆಯ ನೆನಪಾದ ದಿನಕ್ಕೆ ಅದಕ್ಕಿಂತ ಒಳ್ಳೆಯ ಊಟವಿಲ್ಲ.

ಮೈಸೂರುಪಾಕನ್ನು ಕೊಯಮತ್ತೂರಿನವರು ತಮ್ಮದೆನ್ನುತ್ತಾರೆ ಎಂಬ ದೂರೂ ಇದೆ. ಮೈಸೂರುಪಾಕು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಕೈಯಿಂದ ಬಂದದ್ದು. ಅವರ ವಂಶದವರ ಅಂಗಡಿ ಇಂದಿಗೂ ಮೈಸೂರಿನಲ್ಲಿದೆ. ಕೊಯಮತ್ತೂರಿನಲ್ಲಿ 1948ರಲ್ಲಿ ಆರಂಭವಾದ ಶ್ರೀ ಕೃಷ್ಣ ಸ್ವೀಟ್ಸ್ ಹೆಸರಾದದ್ದು ‘ಮೈಸೂರ್‌ಪಾ’ ಎಂಬ, ತುಪ್ಪ ಹೆಚ್ಚಿರುವ ಮೆತ್ತನೆಯ ಬಗೆಗೆ. ನಮ್ಮದು ಗೂಡುಗೂಡಾಗಿ ಪುಡಿಯಾಗುತ್ತದೆ, ಅವರದು ಬಾಯಲ್ಲಿ ಕರಗುತ್ತದೆ. ಹೆಸರಿನಲ್ಲಿ ಮೈಸೂರನ್ನು ಇಟ್ಟುಕೊಂಡೇ ಮಾರುವವರ ಮೇಲೆ ಕದ್ದರೆಂಬ ಆರೋಪ ನಿಲ್ಲದು.

ಇನ್ನು ನೀರು. ಸಿರುವಾಣಿಯ ನೀರು ಜಗತ್ತಿನಲ್ಲೇ ಎರಡನೆಯ ರುಚಿಯಾದ ನೀರು, ಕೊಯಮತ್ತೂರಿನ ಯಾವ ನಲ್ಲಿ ತಿರುಗಿಸಿದರೂ ಅದೇ ಬರುತ್ತದೆ ಎಂದು ಅಲ್ಲಿಯವರೇ ಹೆಮ್ಮೆಯಿಂದ ಹೇಳುತ್ತಾರೆ. ನೀರು ಸಿಹಿ ಎಂಬುದು ನಿಜ. ಕೇರಳದ ಪಾಲಕ್ಕಾಡು ಜಿಲ್ಲೆಯ ಕಾಡಿನ ಜಲಾಶಯದಿಂದ ಅದು ಬರುತ್ತದೆ. ಆದರೆ ಊರಿನ ದೊಡ್ಡ ಭಾಗಕ್ಕೆ ಸಿಗುವುದು ಭವಾನಿ ನದಿಯ ಪಿಲ್ಲೂರು ಯೋಜನೆಯ ನೀರು. ಕೋಣೆ ಬಾಡಿಗೆಗೆ ಹಿಡಿಯುವ ಮುನ್ನ ಯಾವ ನೀರೆಂದು ವಿಚಾರಿಸಿ.

ಬೀದಿಬದಿಯ ‘ಕಾಳಾನ್’ ಎಂದರೆ ಅಪ್ಪಟ ಅಣಬೆ ಎಂದುಕೊಳ್ಳಬೇಡಿ. ಪದದ ಅರ್ಥ ಅಣಬೆಯೇ, ಆದರೆ ಬಾಣಲೆಯಲ್ಲಿ ಎಲೆಕೋಸು, ಹಿಟ್ಟು ಸಾಕಷ್ಟು ಬೆರೆತಿರುತ್ತವೆ. ರಾತ್ರಿಯೂ ಎಲೆಯೂಟ ಸಿಗುತ್ತದೆಂಬ ಲೆಕ್ಕವೂ ಬೇಡ: ಹೆಚ್ಚಿನ ಸಸ್ಯಾಹಾರಿ ಹೋಟೆಲುಗಳಲ್ಲಿ ಅದು ಮಧ್ಯಾಹ್ನಕ್ಕೆ ಮಾತ್ರ, ಸಂಜೆಯಾದರೆ ಟಿಫನ್.

ಸರ್ಕಾರದ ಅಗ್ಗದ ಕ್ಯಾಂಟೀನಾದ ಅಮ್ಮಾ ಉಣವಗಂ ಬಡವರ ಕಾರ್ಡಿದ್ದವರಿಗೆ ಮಾತ್ರ ಎಂಬುದು ತಪ್ಪು. 2013ರಲ್ಲಿ ಚೆನ್ನೈನಲ್ಲಿ ಶುರುವಾಗಿ ಕೊಯಮತ್ತೂರು, ತಿರುಪ್ಪೂರಿಗೂ ಬಂದ ಈ ಕ್ಯಾಂಟೀನಿನಲ್ಲಿ ಯಾರು ಬೇಕಾದರೂ ಉಣ್ಣಬಹುದು. ಆಗ ಇಟ್ಟ ದರ ಇಡ್ಲಿಗೆ 1 ರೂಪಾಯಿ, ಸಾಂಬಾರ್ ಅನ್ನಕ್ಕೆ 5, ಮೊಸರನ್ನಕ್ಕೆ 3. ನಮ್ಮ ಇಂದಿರಾ ಕ್ಯಾಂಟೀನಿಗೆ ಮಾದರಿ ಇದೇ.

ಮಕ್ಕಳನ್ನು ಕಳಿಸುವಾಗ ಚಟ್ನಿಪುಡಿಯ ಡಬ್ಬಿ ಕಟ್ಟುತ್ತೀರಿ, ಕಟ್ಟಿ. ಅದರ ಜೊತೆ ಒಂದು ಚೀಟಿಯಲ್ಲಿ ಇಷ್ಟನ್ನೂ ಬರೆದಿಡಿ: ಬೇಕು ಎನ್ನಲು ವೇಣುಂ, ಬೇಡಕ್ಕೆ ವೇಂಡಾಂ, ಸಾಕಿಗೆ ಪೋದುಂ, ಮೊಸರಿಗೆ ತಯಿರ್, ಬಿಸಿನೀರಿಗೆ ಸುಡುತಣ್ಣಿ.