ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಸಂಗ್ರಹಿಸುವ ಹವ್ಯಾಸ ಒಂದು ಕಾಲಕ್ಕೆ ರಾಜಮನೆತನಗಳಿಗೂ ಶ್ರೀಮಂತರಿಗೂ ಮೀಸಲಾಗಿತ್ತು. ಇಂದು ಮಹಾನಗರಗಳ ಮಧ್ಯಮ ವರ್ಗದವರೂ ವರ್ಷಗಟ್ಟಲೆ ಹಣ ಕೂಡಿಟ್ಟು ಅಂತಹ ಒಂದು ವಾಹನವನ್ನು ಕೊಳ್ಳಲು ಮುಂದಾಗುತ್ತಿದ್ದಾರೆ. ಆದರೆ ಬಹುಪಾಲು ಜನ ಮೊದಲು ನೋಡುವುದು ಬಣ್ಣದ ಹೊಳಪನ್ನು, ಅನಂತರ ಕೇಳುವುದು ಎಂಜಿನ್ನಿನ ಸದ್ದನ್ನು. ಕಾಗದಪತ್ರಗಳತ್ತ ಗಮನ ಹರಿಯುವುದು ಹಣ ಕೈದಾಟಿದ ಮೇಲೆ. ಪರೀಕ್ಷೆಯ ಸರಿಯಾದ ಕ್ರಮ ಇದಕ್ಕೆ ತೀರ ವಿರುದ್ಧವಾದುದು. ಮೊದಲು ಪತ್ರ, ಬಳಿಕ ಲೋಹ, ಕೊನೆಯಲ್ಲಿ ಯಂತ್ರ. ಕೆಟ್ಟ ಎಂಜಿನ್ನನ್ನು ದುರಸ್ತಿ ಮಾಡಿಸಬಹುದು. ತುಕ್ಕು ತಿಂದ ಒಡಲನ್ನು ಸರಿಪಡಿಸುವುದು ಬಹಳ ದುಬಾರಿ. ದೋಷವಿರುವ ದಾಖಲೆಯನ್ನಂತೂ ಎಷ್ಟೋ ವೇಳೆ ಯಾವ ಬೆಲೆಗೂ ಸರಿಪಡಿಸಲಾಗದು.

ಈ ಕ್ರಮವನ್ನು ವಿವರಿಸಲು ಬ್ರಿಟನ್ನಿನ ಎಂ.ಜಿ.ಬಿ. ಕಾರನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. 1962ರಿಂದ 1980ರವರೆಗೆ ಅಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ ಈ ಮಾದರಿಯ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಇದರ ರಚನೆ ಸರಳ, ಬಿಡಿಭಾಗಗಳು ಈಗಲೂ ದೊರೆಯುತ್ತವೆ, ದೋಷಗಳೂ ಎಲ್ಲರಿಗೂ ತಿಳಿದಂಥವು. ಇದಕ್ಕೆ ಅನ್ವಯಿಸುವ ಪರೀಕ್ಷೆಗಳಲ್ಲಿ ಹೆಚ್ಚಿನವು ಅದೇ ಕಾಲದ ಇತರ ಕಾರುಗಳಿಗೂ ಅನ್ವಯಿಸುತ್ತವೆ.

ಪತ್ರಗಳ ಪರಿಶೀಲನೆ

ನೋಂದಣಿ ಪ್ರಮಾಣಪತ್ರದಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದು ಮೊದಲ ಹೆಜ್ಜೆ. ಎಂ.ಜಿ.ಬಿ.ಯಲ್ಲಿ ಈ ಸಂಖ್ಯೆಗಳಿರುವುದು ರಿವೆಟ್ ಹೊಡೆದು ಕೂರಿಸಿದ ಸಣ್ಣ ಲೋಹದ ಫಲಕಗಳ ಮೇಲೆ. ಫಲಕವನ್ನು ಕಿತ್ತು ಬೇರೊಂದು ಕಾರಿಗೆ ಜೋಡಿಸುವುದು ಅಸಾಧ್ಯವಲ್ಲವಾದ್ದರಿಂದ ರಿವೆಟ್‌ಗಳು ಹೊಸತಾಗಿ ಕಂಡರೆ ಕಾರಣವನ್ನು ವಿಚಾರಿಸಬೇಕು. ಸಂಖ್ಯೆಯ ಆರಂಭದ ಅಕ್ಷರಗಳೂ ಕಾರಿನ ಚರಿತ್ರೆಯನ್ನು ಹೇಳುತ್ತವೆ. ತೆರೆದ ಮಾದರಿಯ ಮೊದಲ ಕಾರುಗಳ ಸಂಖ್ಯೆ ‘ಜಿಎಚ್ಎನ್3’ ಎಂದು ಆರಂಭವಾಗುತ್ತದೆ. 1967ರ ಕೊನೆಯ ಭಾಗದಿಂದ ‘ಜಿಎಚ್ಎನ್4’ ಬಂದಿತು. ಎಂಜಿನ್ ಸಂಖ್ಯೆಯಲ್ಲಿ ‘18ಜಿ’ ಅಥವಾ ‘18ಜಿಎ’ ಎಂದಿದ್ದರೆ ಅದು 1964ರವರೆಗಿನ, ಮೂರು ಮುಖ್ಯ ಬೇರಿಂಗುಗಳ ಎಂಜಿನ್. ‘18ಜಿಬಿ’ಯಿಂದ ಮುಂದಿನವು ಐದು ಬೇರಿಂಗುಗಳವು. ಆದುದರಿಂದ ‘ಜಿಎಚ್ಎನ್4’ ಕಾರಿನಲ್ಲಿ ‘18ಜಿಎ’ ಎಂಜಿನ್ ಇದ್ದರೆ ಅದು ಆ ಕಾರಿನ ಮೂಲ ಎಂಜಿನ್ ಅಲ್ಲ ಎಂಬುದು ಸ್ಪಷ್ಟ. 1988ರ ಮೋಟಾರು ವಾಹನ ಅಧಿನಿಯಮದ 52ನೇ ಪ್ರಕರಣವು ವಾಹನದಲ್ಲಿ ಮನಬಂದಂತೆ ಮಾರ್ಪಾಡು ಮಾಡುವುದನ್ನು ನಿರ್ಬಂಧಿಸುತ್ತದೆ. ಎಂಜಿನ್ ಬದಲಾಗಿದ್ದಲ್ಲಿ ಆ ಬದಲಾವಣೆ ನೋಂದಣಿ ದಾಖಲೆಯಲ್ಲಿ ಸೇರಿರಬೇಕು.

ವಾಹನದ ಮೇಲೆ ಸಾಲವಿದೆಯೇ, ತೆರಿಗೆ ಸಲ್ಲಿಕೆಯಾಗಿದೆಯೇ ಎಂಬುದನ್ನು ಸಾರಿಗೆ ಕಚೇರಿಯ ದಾಖಲೆಯಿಂದಲೇ ಖಚಿತಪಡಿಸಿಕೊಳ್ಳಬೇಕು. ಸಾಲ ತೀರಿದ್ದರೂ ಅಡಮಾನದ ನಮೂದು ಉಳಿದಿದ್ದರೆ ನಮೂನೆ 35ರ ಮೂಲಕ ಅದನ್ನು ರದ್ದುಪಡಿಸುವ ಹೊಣೆ ಮಾರುವವರದು. ಹಳೆಯ ನೋಂದಣಿಗಳ ವಿವರ ಗಣಕದಲ್ಲಿ ಸೇರಿರದೆ ಇರಬಹುದು. ಅಂತಹ ಸಂದರ್ಭದಲ್ಲಿ ಮೂಲ ನೋಂದಣಿ ಕಚೇರಿಯಿಂದ ದಾಖಲೆಯ ಪ್ರತಿಯನ್ನು ಪಡೆಯದೆ ವ್ಯವಹಾರಕ್ಕೆ ಮುಂದಾಗುವುದು ಉಚಿತವಲ್ಲ. ವಾಹನ ಕಳವಾದುದೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಒದಗಿಸಿರುವ ಸೌಲಭ್ಯದ ಮೂಲಕ ಪರಿಶೀಲಿಸಬಹುದು.

ಖಾಸಗಿ ಕಾರಿನ ಮೊದಲ ನೋಂದಣಿಗೆ 15 ವರ್ಷಗಳ ಅವಧಿಯಿದ್ದು, ಅನಂತರ ಐದೈದು ವರ್ಷಗಳಿಗೊಮ್ಮೆ ನವೀಕರಣ ಆಗಬೇಕು. ಹಳೆಯ ವಾಹನಗಳ ನವೀಕರಣ ಶುಲ್ಕವನ್ನು 2025ರಲ್ಲಿ ಗಣನೀಯವಾಗಿ ಏರಿಸಲಾಗಿದೆ. ಆಮದಾದ ಕಾರುಗಳಿಗೆ ಇದು ಇನ್ನೂ ಹೆಚ್ಚು. ಆದ್ದರಿಂದ ಈ ವೆಚ್ಚವನ್ನೂ ಕಾರಿನ ಬೆಲೆಯೊಡನೆ ಸೇರಿಸಿಯೇ ಲೆಕ್ಕ ಹಾಕಬೇಕು.

ಬೆಂಗಳೂರಿನಲ್ಲಿ ನೋಂದಣಿಯಾದ ಕಾರನ್ನು ಪುಣೆಯಲ್ಲಿ ನೆಲೆಸಿರುವವರು ಕೊಂಡರೆ ಮೂಲ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕಾಗುತ್ತದೆ. ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಉಳಿದರೆ ಅಲ್ಲಿನ ನೋಂದಣಿ ಗುರುತು ಕಡ್ಡಾಯ. ಅಲ್ಲಿನ ರಸ್ತೆ ತೆರಿಗೆಯನ್ನೂ ತೆರಬೇಕಾಗುತ್ತದೆ. ದೆಹಲಿ ಹಾಗೂ ಸುತ್ತಲಿನ ರಾಷ್ಟ್ರೀಯ ರಾಜಧಾನಿ ಪ್ರದೇಶದಲ್ಲಿ 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಬಗೆಗೆ ನ್ಯಾಯಾಲಯಗಳ ನಿರ್ಬಂಧಗಳಿವೆ. ಅವುಗಳ ಜಾರಿಯ ಪ್ರಶ್ನೆ 2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಮತ್ತೆ ಬಂದಿದ್ದರಿಂದ, ಅಲ್ಲಿನ ನಿವಾಸಿಗಳು ಇತ್ತೀಚಿನ ಆದೇಶವನ್ನು ಸಾರಿಗೆ ಇಲಾಖೆಯಲ್ಲಿ ವಿಚಾರಿಸಿದ ಬಳಿಕವೇ ಮುಂಗಡ ಕೊಡುವುದು ಲೇಸು.

ಐವತ್ತು ವರ್ಷ ದಾಟಿದ ವಾಹನಗಳು

ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಕಾರುಗಳು ಹಾಗೂ ದ್ವಿಚಕ್ರ ವಾಹನಗಳಿಗಾಗಿ ಕೇಂದ್ರ ಸರ್ಕಾರವು 2021ರ ಜುಲೈ ತಿಂಗಳಲ್ಲಿ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಇವುಗಳ ಪ್ರಕಾರ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ನೋಂದಣಿ 10 ವರ್ಷಗಳ ಕಾಲ ಊರ್ಜಿತದಲ್ಲಿರುತ್ತದೆ. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿಯಾಗಿರುವ ವಾಹನ ತನ್ನ ಹಳೆಯ ಗುರುತನ್ನೇ ಉಳಿಸಿಕೊಳ್ಳಬಹುದು. ಆದರೆ ಹೀಗೆ ಮಾನ್ಯತೆ ಪಡೆದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಹಾಗೂ ನಿರ್ವಹಣೆಯಂತಹ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ದಿನನಿತ್ಯ ಕಚೇರಿಗೆ ಹೋಗಿಬರಲಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ಬಳಸುವಂತಿಲ್ಲ.

ಇನ್ನೊಂದು ಮುಖ್ಯ ಷರತ್ತಿದೆ. ವಾಹನ ಮೂಲ ಸ್ವರೂಪದಲ್ಲಿರಬೇಕು. ಚಾಸಿಸ್, ಒಡಲು ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಕೂಡದು. ಬ್ರಿಟನ್ನಿನಲ್ಲಿ 1988ರಿಂದ ಎಂ.ಜಿ.ಬಿ.ಯ ಹೊಚ್ಚಹೊಸ ಒಡಲನ್ನೇ ತಯಾರಿಸಿ ಮಾರಲಾಗುತ್ತಿದೆ. ಆದ್ದರಿಂದ ಅಲ್ಲಿ ಕೊಳೆತ ಒಡಲಿಗೂ ಪರಿಹಾರವುಂಟು. ಭಾರತದಲ್ಲಿ ಅದೇ ಉಪಾಯ ಈ ಮಾನ್ಯತೆಗೇ ಅಡ್ಡಿಯಾಗಬಲ್ಲುದು. ಮೂಲ ಒಡಲು ಗಟ್ಟಿಯಾಗಿದೆಯೇ ಎಂಬ ಪರೀಕ್ಷೆಗೆ ಇಲ್ಲಿ ಎರಡು ಪಟ್ಟು ಮಹತ್ವವಿರುವುದು ಈ ಕಾರಣದಿಂದ.

ಲೋಹದ ಪರೀಕ್ಷೆ

ಎಂ.ಜಿ.ಬಿ.ಗೆ ಪ್ರತ್ಯೇಕ ಚಾಸಿಸ್ ಚೌಕಟ್ಟಿಲ್ಲ. ಉಕ್ಕಿನ ಒಡಲೇ ಭಾರವನ್ನು ಹೊರುತ್ತದೆ. ತೆರೆದ ಕಾರಿಗೆ ಮೇಲ್ಛಾವಣಿಯ ಆಧಾರವೂ ಇಲ್ಲದಿರುವುದರಿಂದ ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ‘ಸಿಲ್’ ಎಂಬ ಪೆಟ್ಟಿಗೆಯಾಕಾರದ ತೊಲೆಗಳೇ ಅದರ ಬೆನ್ನೆಲುಬು. ಇವು ಹಲವು ಪದರಗಳಿಂದಾಗಿದ್ದು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಹೊರಪದರವನ್ನು ಮಾತ್ರ ಬದಲಿಸಿ ಬಣ್ಣ ಬಳಿದರೆ ಒಳಗಿನ ಕೊಳೆತ ಕಣ್ಣಿಗೆ ಬೀಳುವುದಿಲ್ಲ. ಅಂತಹ ಕಾರು ಅಪಘಾತಕ್ಕೆ ಸಿಕ್ಕಿದಾಗ ಒಳಗಿರುವವರಿಗೆ ರಕ್ಷಣೆ ಕೊಡಲಾರದು.

ಇದನ್ನು ಪತ್ತೆ ಮಾಡಲು ಸುಲಭವಾದ ಉಪಾಯವೊಂದಿದೆ. ಬಾಗಿಲು ಮುಚ್ಚಿರುವಾಗ ಅದರ ಹಿಂಬದಿಯ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಾಗಿದೆಯೇ ಎಂದು ಮೊದಲು ನೋಡಬೇಕು. ಅನಂತರ ಜಾಕ್ ಬಳಸಿ ಕಾರಿನ ಒಂದು ಪಕ್ಕವನ್ನು ಎಚ್ಚರಿಕೆಯಿಂದ ಮೇಲೆತ್ತಿ ಅದೇ ಸಂದನ್ನು ಮತ್ತೆ ಗಮನಿಸಬೇಕು. ಸಂದು ಕಿರಿದಾದರೆ ಅಥವಾ ಬಾಗಿಲು ಸಲೀಸಾಗಿ ತೆರೆಯದಿದ್ದರೆ ಒಡಲು ಬಾಗುತ್ತಿದೆ ಎಂದೇ ಅರ್ಥ. ಅಂತಹ ಕಾರನ್ನು ಅಲ್ಲಿಯೇ ಬಿಟ್ಟುಬರುವುದು ವಿವೇಕ.

ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವೊಂದು ಜೇಬಿನಲ್ಲಿದ್ದರೆ ಬಹಳ ಉಪಯೋಗವಾಗುತ್ತದೆ. ಉಕ್ಕಿನ ತಗಡಿನ ಮೇಲೆ ಅದು ಅಂಟಿಕೊಳ್ಳುತ್ತದೆ. ತುಕ್ಕಿನ ತೂತಿಗೆ ಮೆತ್ತಿದ ಪುಟ್ಟಿಯ ಮೇಲೆ ನಿಲ್ಲುವುದಿಲ್ಲ. ಒಳಗಿನ ನೆಲಹಾಸನ್ನು ಎತ್ತಿ ನೆಲದ ತಗಡನ್ನೂ, ಆಸನಗಳ ಹಿಂದಿನ ಬ್ಯಾಟರಿ ಪೆಟ್ಟಿಗೆಯನ್ನೂ ತಪ್ಪದೆ ನೋಡಬೇಕು. ಕೆಳಭಾಗಕ್ಕೆಲ್ಲ ಹೊಸದಾಗಿ ಕಪ್ಪು ಲೇಪ ಬಳಿದಿದ್ದರೆ ಅದು ರಕ್ಷಣೆಗಾಗಿಯೋ ಮರೆಮಾಚುವುದಕ್ಕಾಗಿಯೋ ಎಂದು ಸಂಶಯಿಸುವುದು ತಪ್ಪಲ್ಲ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಬಹುಕಾಲ ಇದ್ದ ಕಾರುಗಳ ವಿಷಯದಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಬೇಕು. ಉಪ್ಪುಗಾಳಿ ತುಕ್ಕನ್ನು ತ್ವರೆಗೊಳಿಸುತ್ತದೆ.

ಯಂತ್ರದ ಪರೀಕ್ಷೆ

ಎಂಜಿನ್ ತಣ್ಣಗಿರುವಾಗಲೇ ಅದನ್ನು ಚಾಲೂ ಮಾಡಿಸಿ ನೋಡಬೇಕು. ನೋಡಲು ಹೋದಾಗ ಅದು ಆಗಲೇ ಬಿಸಿಯಾಗಿದ್ದರೆ ತಣ್ಣಗಿನ ಸ್ಥಿತಿಯ ದೋಷವೇನಾದರೂ ಇದೆಯೇ ಎಂಬ ಪ್ರಶ್ನೆ ಏಳುತ್ತದೆ. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ, ನಿಲ್ಲದೆ ಬರುವ ಬಿಳಿ ಹೊಗೆ ತಂಪು ನೀರು ಎಂಜಿನ್ನಿನ ಒಳಸೇರುತ್ತಿರುವುದರ, ಕಪ್ಪು ಹೊಗೆ ಪೆಟ್ರೋಲಿನ ಪ್ರಮಾಣ ಮಿತಿಮೀರಿರುವುದರ ಲಕ್ಷಣ. ಎಣ್ಣೆ ತುಂಬುವ ಮುಚ್ಚಳದ ಒಳಬದಿಯಲ್ಲಿ ಮೊಸರಿನಂತಹ ಬಿಳಿಯ ಜಿಡ್ಡು ಕಂಡರೆ ನೀರು, ಎಣ್ಣೆ ಬೆರೆಯುತ್ತಿರಬಹುದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಓಟದ ವೇಗದಲ್ಲಿ ಎಣ್ಣೆಯ ಒತ್ತಡ ಚದರ ಅಂಗುಲಕ್ಕೆ 50 ಪೌಂಡಿನ ಆಸುಪಾಸಿನಲ್ಲಿಯೂ, ನಿಂತಲ್ಲಿ ಮಂದವಾಗಿ ತಿರುಗುವಾಗ 15 ಪೌಂಡಿಗೆ ಕಡಿಮೆಯಾಗದಂತೆಯೂ ಇರಬೇಕು.

ಗೇರುಗಳನ್ನು ಒಂದೊಂದಾಗಿ ಬದಲಿಸಿ ಸದ್ದನ್ನು ಆಲಿಸಬೇಕು. 1967ರವರೆಗಿನ ಕಾರುಗಳಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಶ್ ಇಲ್ಲ; ಓಡುತ್ತಿರುವಾಗ ಅದಕ್ಕೆ ಬದಲಿಸಿದರೆ ಕರಕರ ಸದ್ದಾಗುವುದು ದೋಷವಲ್ಲ, ರಚನೆಯ ಸ್ವಭಾವ. ಎರಡನೆಯ ಗೇರಿನಲ್ಲಿ ಹಾಗಾದರೆ ಅದು ಸವೆತ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಸಡಿಲವೆನಿಸಿದರೆ ಕಿಂಗ್‌ಪಿನ್ ಅಥವಾ ಬೇರಿಂಗ್ ಸವೆದಿರುತ್ತದೆ. ಕಾರು ನಿಂತಿರುವಾಗ ಬ್ರೇಕಿನ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿದಿರಬೇಕು. ಪೆಡಲು ನಿಧಾನವಾಗಿ ಕುಸಿದರೆ ಎಲ್ಲೋ ಸೋರಿಕೆಯಿದೆ. ಆರಂಭದ ಕಾರುಗಳ ಬ್ರೇಕು ಒಂದೇ ದ್ರವಮಾರ್ಗದ್ದು. ಅದು ಸೋರಿದರೆ ನಾಲ್ಕೂ ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ.

ಇಂದಿನ ಇಂಧನದ ಪ್ರಶ್ನೆ

ಈ ಕಾರುಗಳು ತಯಾರಾದ ಕಾಲದ ಪೆಟ್ರೋಲು ಈಗಿಲ್ಲ. ಸೀಸ ಬೆರೆತ ಪೆಟ್ರೋಲಿನ ಮಾರಾಟ ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ನಿಂತಿತು. ಹಳೆಯ ಎರಕದ ಕಬ್ಬಿಣದ ಎಂಜಿನ್‌ಗಳಲ್ಲಿ ವಾಲ್ವ್ ಕೂರುವ ಜಾಗ ಸವೆಯದಂತೆ ಸೀಸ ಕಾಪಾಡುತ್ತಿತ್ತು. ಅದಿಲ್ಲದಾಗ ಅಲ್ಲಿ ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸಬೇಕಾಗುತ್ತದೆ. ಈ ಕೆಲಸ ಆಗಿದೆಯೇ ಎಂದು ಮಾರುವವರನ್ನು ಕೇಳಿ, ರಸೀದಿಯನ್ನು ನೋಡಬೇಕು. ಇದಲ್ಲದೆ ಈಗ ದೇಶದಾದ್ಯಂತ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು ಬಳಕೆಗೆ ಬಂದಿದೆ. ಹಳೆಯ ರಬ್ಬರಿನ ಕೊಳವೆಗಳನ್ನು ಎಥನಾಲ್ ಮೆದುಗೊಳಿಸಿ ಬಿರುಕು ಬಿಡಿಸಬಲ್ಲುದು. ಬಿಸಿ ಎಂಜಿನ್ನಿನ ಬಳಿ ಪೆಟ್ರೋಲ್ ಸೋರಿದರೆ ಬೆಂಕಿಯ ಅಪಾಯವಿದೆ. ಕೊಂಡ ಕೂಡಲೇ ಇಂಧನದ ಎಲ್ಲ ಕೊಳವೆಗಳನ್ನೂ ಎಥನಾಲ್ ತಾಳಿಕೊಳ್ಳುವ ಹೊಸ ಕೊಳವೆಗಳಿಂದ ಬದಲಿಸುವುದು ಮೊದಲ ಖರ್ಚಾಗಬೇಕು.

ವ್ಯವಹಾರ ಮುಗಿಸುವಾಗ

ಹಣ ಕೊಟ್ಟು ಕೀಲಿಕೈ ಪಡೆದ ಮಾತ್ರಕ್ಕೆ ಮಾಲೀಕತ್ವದ ದಾಖಲೆ ಬದಲಾಗುವುದಿಲ್ಲ. ನಮೂನೆ 29 ಮತ್ತು 30ಕ್ಕೆ ಇಬ್ಬರೂ ಸಹಿ ಮಾಡಿ ಸಾರಿಗೆ ಕಚೇರಿಗೆ ಸಲ್ಲಿಸಬೇಕು. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ, ಹೊರರಾಜ್ಯಕ್ಕಾದರೆ 45 ದಿನಗಳಲ್ಲಿ ವರದಿ ಮಾಡಬೇಕು. ಕೊಂಡವರಿಗೆ 30 ದಿನಗಳ ಅವಕಾಶವಿದೆ. ವಿಮಾ ಪತ್ರದಲ್ಲಿ ಹೆಸರು ಬದಲಿಸಲು ಕೊಂಡವರು 14 ದಿನಗಳೊಳಗೆ ಅರ್ಜಿ ಕೊಡಬೇಕು.

ಇದನ್ನು ಅಲಕ್ಷಿಸಿದರೆ ಆಗುವ ಪರಿಣಾಮಕ್ಕೆ ಸರ್ವೋಚ್ಚ ನ್ಯಾಯಾಲಯದ 2018ರ ಫೆಬ್ರುವರಿಯ ತೀರ್ಪೊಂದು ಸಾಕ್ಷಿ. ಆ ಪ್ರಕರಣದಲ್ಲಿ ಕಾರು ಹಲವು ಕೈ ಬದಲಾಗಿದ್ದರೂ ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಸಂಭವಿಸಿದ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕರೇ ಹೊಣೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಹೆಸರು ಬದಲಾಯಿತೇ ಎಂದು ಕೊಂಡವರಷ್ಟೇ ಆಸಕ್ತಿಯಿಂದ ಮಾರಿದವರೂ ವಿಚಾರಿಸಬೇಕಾದುದು ಇದಕ್ಕಾಗಿ.

ಹಳೆಯ ಕಾರು ಕೊಳ್ಳಲು ಅವಸರದ ಕಾರಣ ಯಾವುದೂ ಇರುವುದಿಲ್ಲ. ಅದು ಐವತ್ತು ವರ್ಷ ಕಾದಿದೆ. ಪತ್ರಗಳನ್ನು ಓದಲು ಒಂದು ದಿನ, ಬಲ್ಲ ಮೆಕ್ಯಾನಿಕ್‌ನೊಡನೆ ಅದರ ಕೆಳಗೆ ಇಣುಕಿ ನೋಡಲು ಇನ್ನೊಂದು ದಿನ ಕಾಯಬಲ್ಲುದು. ಈ ಎರಡು ದಿನಗಳನ್ನು ಕೊಡಲೊಪ್ಪದ ಮಾರಾಟಗಾರರಿಂದ ಕಾರನ್ನು ಕೊಳ್ಳದಿರುವುದೇ ಕ್ಷೇಮ.