ನಲ್ಲೂರಿನ ಹುಣಸೆ ತೋಪು: ಹತ್ತು ಜನರ ಗುಂಪಿಗೆ ಅರ್ಧ ದಿನದ ದಾರಿ

ದ್ವೀಪ ನೋಡಬೇಕೆಂದರೆ ಮಲ್ಪೆಗೆ ಹೋಗಿ ದೋಣಿ ಹತ್ತುತ್ತೇವೆ, ಇಲ್ಲವೇ ಕಾವೇರಿ ಕವಲೊಡೆದು ಬಳಸಿಕೊಂಡಿರುವ ಶ್ರೀರಂಗಪಟ್ಟಣಕ್ಕೆ ಹೋಗುತ್ತೇವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ದೋಣಿ ಬೇಕಿಲ್ಲದ ದ್ವೀಪವೊಂದಿದೆ. ಅದು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು. ಸುಮಾರು 54 ಎಕರೆ ಜಾಗ, ಹೆಚ್ಚುಕಡಿಮೆ 300 ಮರಗಳು. ಸುತ್ತಲಿನ ಸೀಮೆಯಲ್ಲಿ ಹೊಲಗಳು ಸೈಟುಗಳಾಗುತ್ತಿವೆ, ಗುಂಡುತೋಪುಗಳು ಒಂದೊಂದಾಗಿ ಕರಗುತ್ತಿವೆ. ಇದೊಂದು ಉಳಿದಿದೆ.

2007ರಲ್ಲಿ ಇದು ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇಡೀ ದೇಶದಲ್ಲಿ ಆ ಮಾನ್ಯತೆ ಪಡೆದ ಮೊದಲ ಜಾಗ ಇದೇ. ಮರುವರ್ಷದ ಮೇ ತಿಂಗಳಲ್ಲಿ ಇದೇ ತಾಲ್ಲೂಕಿನ ವಿಮಾನ ನಿಲ್ದಾಣದಿಂದ ಮೊದಲ ವಿಮಾನಗಳು ಹಾರಿದವು. ನಿಲ್ದಾಣ ಯಾರಿಗೆ ಗೊತ್ತಿಲ್ಲ? ತೋಪಿನ ಹೆಸರು ಮಾತ್ರ ಬೆಂಗಳೂರಿನಲ್ಲಿ ಬಹಳ ಜನ ಕೇಳಿಲ್ಲ.

ಪಾರಂಪರಿಕ ತಾಣ ಎಂದರೆ ಅಭಯಾರಣ್ಯವಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ನಿನಂತೆ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿ ಇಂಥ ಜಾಗವನ್ನು ಘೋಷಿಸುತ್ತದೆ. ಊರಿನವರನ್ನು ಹೊರಗಿಟ್ಟು ಬೇಲಿ ಹಾಕುವುದು ಇದರ ಉದ್ದೇಶವಲ್ಲ. ಹಿಂದಿನಿಂದ ನಡೆದುಬಂದ ಅವರ ರೂಢಿಗಳು ಉಳಿಯಬೇಕು, ಮರಗಳೂ ಉಳಿಯಬೇಕು ಎಂಬುದೇ ಆಶಯ. ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದೂ, ಊರಿನ ಗಿಡಮರ, ಬೆಳೆ, ನಾಟಿ ತಿಳಿವಳಿಕೆಯನ್ನೆಲ್ಲ ಅದು ಬರೆದಿಡಬೇಕೆಂದೂ ಇದೇ ಕಾಯ್ದೆ ಹೇಳುತ್ತದೆ. ಹಾಗಾಗಿ ತೋಪನ್ನು ಪರಿಚಯಿಸಬೇಕಾದವರು ಯಾರು ಎಂಬ ಪ್ರಶ್ನೆಗೆ ಉತ್ತರ ಕಾಯ್ದೆಯಲ್ಲೇ ಇದೆ: ಊರಿನವರು.

ಬಸ್ಸು ತುಂಬ ಜನ ಬಂದಿಳಿದು, ಫೋಟೊ ತೆಗೆಸಿಕೊಂಡು, ಊಟದ ತಟ್ಟೆ ಎಸೆದು ಹೋಗುವ ಜಾಗವಲ್ಲ ಇದು. ಹತ್ತು, ಹೆಚ್ಚೆಂದರೆ ಹನ್ನೆರಡು ಜನ, ಜೊತೆಗೊಬ್ಬರು ತಿಳಿದವರು. ಲಾಲ್‌ಬಾಗಿನಲ್ಲಿ ವಿಜಯ್ ತಿರುವಾಡಿ ಅವರು ವರ್ಷಗಟ್ಟಲೆ ನಡೆಸಿದ ಮರಗಳ ನಡಿಗೆಯಿಂದ ಬೆಂಗಳೂರಿನ ಎಷ್ಟೋ ಮಂದಿ ಮರ ನೋಡುವುದನ್ನು ಕಲಿತರು. ಆ ಬಗೆಯ ನಡಿಗೆಗೆ ನಲ್ಲೂರಿಗಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಬೆಳಿಗ್ಗೆ ದೇವನಹಳ್ಳಿ ಕೋಟೆಯಿಂದ ಹೊರಡುವುದು ಒಳ್ಳೆಯದು. 1501ರಲ್ಲಿ ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಈಗ ಕಾಣುವ ಕಲ್ಲಿನ ಗೋಡೆ ಹೈದರ್ ಮತ್ತು ಟಿಪ್ಪು ಕಾಲದ್ದು. ಮೈಸೂರಿನ ಸೇನೆ ಈ ಊರಿಗೆ ಮುತ್ತಿಗೆ ಹಾಕಿದಾಗಲೇ ಹೈದರ್ ಮೊದಲು ಕಣ್ಣಿಗೆ ಬಿದ್ದದ್ದು. ಟಿಪ್ಪು ಹುಟ್ಟಿದ್ದೂ ಇಲ್ಲೇ. 1791ರಲ್ಲಿ ಕೋಟೆ ಬ್ರಿಟಿಷರ ಕಾರ್ನ್‌ವಾಲಿಸನ ಕೈಗೆ ಹೋಯಿತು. ಬುರುಜು ಹತ್ತಿ ಗೋಡೆಯ ಮೇಲೆ ಒಂದಿಷ್ಟು ದೂರ ನಡೆದು, ವೇಣುಗೋಪಾಲಸ್ವಾಮಿ ಗುಡಿಯ ಹೊರಗೋಡೆಯ ಶಿಲ್ಪಗಳನ್ನು ನೋಡಿಕೊಂಡು, ಬಿಸಿಲೇರುವ ಮೊದಲೇ ನಲ್ಲೂರಿನ ದಾರಿ ಹಿಡಿಯಬೇಕು. ದೇವನಹಳ್ಳಿಯ ಚಕ್ಕೋತ ಸಿಕ್ಕಿದರೆ ಬಿಡಬೇಡಿ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಹಣ್ಣದು, ತೋಟಗಳು ಕಡಿಮೆಯಾಗುತ್ತಲೇ ಇವೆ.

ತೋಪಿನೊಳಗೆ ಹೆಜ್ಜೆಯಿಟ್ಟ ಮೇಲೆ ಒಂದೇ ಮರದ ಮುಂದೆ ಕಾಲು ಗಂಟೆಯಾದರೂ ನಿಲ್ಲಿ. ಕಾಂಡ ಹುರಿ ಹೊಸೆದಂತೆ ತಿರುಚಿಕೊಂಡಿರುತ್ತದೆ, ನಡುವೆ ಪೊಟರೆ. ಕೆಲವು ಪೊಟರೆಗಳೊಳಗೆ ಆಳು ನಿಲ್ಲಬಹುದು. ಒಂದು ಪಕ್ಕದಿಂದ ನೋಡಿದರೆ ಸತ್ತ ಮರ. ತಲೆಯೆತ್ತಿದರೆ ಮೈತುಂಬ ಹಸಿರು. ಕೊಳೆತು ಹೋಗಿರುವುದು ಒಳಗಿನ ತಿರುಳು ಮಾತ್ರ. ಅದು ಮರಕ್ಕೆ ಗಟ್ಟಿತನ ಕೊಡುತ್ತಿತ್ತು, ಆಹಾರ ಸಾಗಿಸುತ್ತಿರಲಿಲ್ಲ. ಮರದ ಜೀವವಿರುವುದು ತೊಗಟೆಯ ಅಡಿಯ ತೆಳು ಪದರದಲ್ಲಿ. ಅಲ್ಲಿಂದಲೇ ಪ್ರತಿವರ್ಷ ಕಾಂಡಕ್ಕೆ ಹೊಸ ಪದರ ಬೆಳೆದುಕೊಳ್ಳುತ್ತದೆ. ನೆಲಕ್ಕೊರಗಿದ ಮರ ಕೂಡ ಬೇರು ಹಿಡಿದುಕೊಂಡೇ ಮತ್ತೆ ಮೇಲೆ ಚಿಗುರುತ್ತದೆ. ಆ ಪೊಟರೆಗಳನ್ನು ಗಿಳಿ, ಗೊರವಂಕ, ಹಾಲಕ್ಕಿಗಳು ಮನೆ ಮಾಡಿಕೊಳ್ಳುತ್ತವೆ.

ಒಳತಿರುಳಿಲ್ಲದ ಮರದಲ್ಲಿ ಉಂಗುರ ಎಣಿಸಿ ವಯಸ್ಸು ಹೇಳುವಂತಿಲ್ಲ. ಇಲ್ಲಿನ ಒಂದು ಮರಕ್ಕೆ 400 ವರ್ಷ ದಾಟಿದೆ ಎಂಬುದು ಕಾರ್ಬನ್ ಪರೀಕ್ಷೆಯಿಂದ ತಿಳಿದದ್ದು. ಲೆಕ್ಕ ಹಾಕಿ ನೋಡಿ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದಾಗ ಆ ಮರ ಆಗಲೇ ಕಾಯಿ ಬಿಡುತ್ತಿದ್ದಿರಬೇಕು. ಬೆಳಿಗ್ಗೆ ನೋಡಿಬಂದ ಕಲ್ಲಿನ ಕೋಟೆಗಿಂತ ಮರವೇ ಹಿರಿದು.

ಸಸ್ಯಶಾಸ್ತ್ರದ ಪ್ರಕಾರ ಹುಣಸೆ ಆಫ್ರಿಕಾ ಮೂಲದ್ದು. ಆದರೆ ಬಯಲುಸೀಮೆಯ ಅಡುಗೆಮನೆಗೆ ಅದು ಹೊರಗಿನದು ಎಂದು ಯಾರು ಒಪ್ಪುತ್ತಾರೆ? ಬೇಸಿಗೆಯ ಆರಂಭದ ಎಳೆ ಚಿಗುರು ಸಾರಿಗೆ, ಹಸಿಕಾಯಿ ತೊಕ್ಕಿಗೆ, ಹಣ್ಣು ವರ್ಷಪೂರ್ತಿಯ ಹುಳಿಗೆ. ಬೀಜವನ್ನು ಬಂಡೆಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರೆ ಚೌಕಾಬಾರದ ದಾಳ. ಫೆಬ್ರುವರಿ, ಮಾರ್ಚಿನಲ್ಲಿ ದೋಟಿ ಹಿಡಿದು ಮರ ಬಡಿಯುವುದು, ಸಿಪ್ಪೆ ಬಿಡಿಸುವುದು, ಬೀಜ ಕುಟ್ಟುವುದು, ಉಪ್ಪು ಬೆರೆಸಿ ಮಡಕೆಗೆ ತುಂಬುವುದು ಈ ಸೀಮೆಯ ಹೆಂಗಸರಿಗೆ ಕೈಬಂದ ಕೆಲಸ. ನಡಿಗೆಯಲ್ಲಿ ಅಂಥವರೊಬ್ಬರು ಮಾತಾಡಿದರೆ ಫಲಕದ ಮೇಲಿನ ಬರಹ ಹೇಳದ ಸಂಗತಿಗಳು ತಿಳಿಯುತ್ತವೆ. ಯಾವ ಮರದ ಹಣ್ಣು ಹೆಚ್ಚು ಹುಳಿ, ಯಾವುದರದ್ದು ಒಗರು, ಯಾವ ಮರ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯುತ್ತದೆ ಎಂಬುದೆಲ್ಲ ಹಣ್ಣು ಬಿಡಿಸುವವರಿಗೇ ಗೊತ್ತು. ಹುಣಸೆ ಮರದಲ್ಲಿ ದೆವ್ವವಿದೆ, ಕತ್ತಲಾದ ಮೇಲೆ ಅದರಡಿ ಮಲಗಬಾರದು ಎಂಬ ಹಿರಿಯರ ಮಾತನ್ನೂ ಅವರು ಹೇಳುತ್ತಾರೆ. ನಗಬೇಡಿ. ಕೊಡಲಿಯನ್ನು ದೂರವಿಟ್ಟವುಗಳಲ್ಲಿ ಆ ಭಯವೂ ಒಂದಿರಬಹುದು.

ತೋಪಿನಲ್ಲಿ ಪಾಳುಬಿದ್ದ ಚೆನ್ನಕೇಶವ ಗುಡಿಯಿದೆ. ಚೋಳರ ಕಾಲದ್ದೆಂದು ಊರಿನವರು ಹೇಳುತ್ತಾರೆ. ಪೂಜೆ ನಡೆಯುವ ಗಂಗಮ್ಮನ ಗುಡಿಯೂ ಇದೆ. ದೇವರಿರುವ ಜಾಗದ ಮರಕ್ಕೆ ಕೈ ಹಾಕಲು ಜನ ಹಿಂಜರಿಯುತ್ತಾರೆ. ಗುಡಿ, ದೆವ್ವ, ಹುಳಿ ಮೂರೂ ಸೇರಿ ಕಾಯ್ದುಕೊಂಡದ್ದನ್ನು ಸರ್ಕಾರದ ಅಧಿಸೂಚನೆ ಬಹಳ ತಡವಾಗಿ ಗುರುತಿಸಿತು ಅಷ್ಟೆ.

ಆದರೆ ಘೋಷಣೆಯಾದ ಮಾತ್ರಕ್ಕೆ ತೋಪು ತನ್ನಿಂದ ತಾನೇ ಉಳಿಯುವುದಿಲ್ಲ. ಮುದಿ ಮರಗಳಿಗೆ ಬದನಿಕೆ ಅಂಟುತ್ತದೆ, ನೆಲವನ್ನು ಲಂಟಾನ ಮುತ್ತುತ್ತದೆ, ದೊಡ್ಡ ಗಾಳಿಮಳೆಗೆ ಕೊಂಬೆಗಳು ಮುರಿಯುತ್ತವೆ. ಬಿದ್ದ ಮರದ ಜಾಗಕ್ಕೆ ಅದೇ ತೋಪಿನ ಬೀಜದಿಂದ ಎಬ್ಬಿಸಿದ ಸಸಿ ಬರಬೇಕು, ನರ್ಸರಿಯಲ್ಲಿ ಸಿಕ್ಕ ಸಸಿಯಲ್ಲ. ಜೊತೆಗೆ ಭೂಮಿಯ ಬೆಲೆ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಭೂಸ್ವಾಧೀನವನ್ನು ಕೈಬಿಟ್ಟಿತು. ಇಲ್ಲಿ ನೆಲದ ಮೇಲಿನ ಒತ್ತಡ ಎಷ್ಟೆಂದು ತಿಳಿಯಲು ಇಷ್ಟು ಸಾಕು.

ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಚಾರಣಕ್ಕೆ ಮುಂಗಡ ಬುಕ್ಕಿಂಗ್, ಮಾರ್ಗದರ್ಶಕರ ವ್ಯವಸ್ಥೆ ಬಂದಿದೆ. ನಲ್ಲೂರಿಗೂ ಅಂಥದ್ದು ಬರಲಿ. ಊರಿನ ನಾಲ್ಕಾರು ಹುಡುಗ ಹುಡುಗಿಯರಿಗೆ ಜೀವವೈವಿಧ್ಯ ಮಂಡಳಿ ತರಬೇತಿ ಕೊಡಲಿ. ಬಂದವರಿಂದ ಪಡೆಯುವ ಹಣದಲ್ಲಿ ಒಂದು ಪಾಲು ಅವರಿಗೆ, ಒಂದು ಪಾಲು ಮರಗಳ ಆರೈಕೆಗೆ ಹೋಗಲಿ. ಅಲ್ಲಿಯವರೆಗೆ, ನೀವು ಹೋಗುವುದಾದರೆ ಸಣ್ಣ ಗುಂಪಾಗಿ ಹೋಗಿ, ಊರಿನವರೊಬ್ಬರನ್ನು ಕೇಳಿಕೊಂಡು ಜೊತೆಗೆ ಕರೆದುಕೊಳ್ಳಿ, ಅವರ ಅರ್ಧ ದಿನದ ಕೂಲಿಯನ್ನು ತಪ್ಪದೆ ಕೊಡಿ. ಹಣ್ಣು ನೋಡಬೇಕೆಂದರೆ ಫೆಬ್ರುವರಿ, ಹೂವು ನೋಡಬೇಕೆಂದರೆ ಮೇ ಕೊನೆ. ನೀರು ಕೊಂಡೊಯ್ಯಿರಿ, ಖಾಲಿ ಬಾಟಲಿ ವಾಪಸ್ ತನ್ನಿ. ಪೊಟರೆಯಿರುವ ಮರಗಳನ್ನು ಮಾತ್ರ ಹತ್ತಬೇಡಿ, ಮಕ್ಕಳನ್ನೂ ಹತ್ತಿಸಬೇಡಿ.